ಅಳಿಯನೋ, ದೊಡ್ಡಮ್ಮನೋ?

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಶೆಡ್ಡಿನ ಒಂಟಿ ಬಲ್ಬಿನ ಕೆಳಗೆ ಎರಡು ಹಳೆಯ ಕಾರುಗಳು ಅಕ್ಕಪಕ್ಕ ನಿಂತಿವೆ. ನಡುವಿನ ಜಾಗ ಎಷ್ಟು ಇಕ್ಕಟ್ಟೆಂದರೆ, ಪತ್ರಿಕೆಗೆ ಬರೆಯಲು ಬಂದ ನನ್ನಂಥ ಕಡ್ಡಿಪೈಲ್ವಾನನೂ ಹೊಟ್ಟೆಯನ್ನು ಒಳಗೆಳೆದುಕೊಂಡೇ ದಾಟಬೇಕು. ಡ್ರೈವರಕ್ಕ ಮಾತ್ರ ನೀರಿನ ಕ್ಯಾನು ಹಿಡಿದುಕೊಂಡು ಸಲೀಸಾಗಿ ನುಸುಳುತ್ತಾರೆ. ಎತ್ತರದ, ಚೌಕನೆಯ ಕಾರಿನ ಬಾನೆಟ್ ಎತ್ತಿ, ರೇಡಿಯೇಟರಿಗೆ ನೀರು ಹುಯ್ದು, ಪೈಪಿನ ಜೋಡಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬೆರಳು ಒದ್ದೆಯಾಗಿಲ್ಲ. 'ಸೋರ್ತಿಲ್ಲ' ಎನ್ನುತ್ತಾರೆ. ಹೇಳಿದ್ದು ನನಗಲ್ಲ, ಕಾರಿಗೆ.

ಐವತ್ತಮೂರರ ಈ ಹೆಂಗಸು ಮೂತ್ರಪಿಂಡ ಕೈಕೊಟ್ಟವರನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುತ್ತಾರೆ. ಒಂಬತ್ತು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಮೂರು ಸರದಿ, ಸರದಿಗೆ ಮೂರು ಜನ. ಸೋಮ, ಬುಧ, ಶುಕ್ರವಾರ ಒಂದು ಗುಂಪು, ಉಳಿದ ಮೂರು ದಿನ ಇನ್ನೊಂದು. ಒಟ್ಟು ಹದಿನೆಂಟು ಜನರ ರಕ್ತ ವಾರಕ್ಕೆ ಮೂರು ಸಲ ಶುದ್ಧವಾಗುವುದು ಈ ಶೆಡ್ಡಿನ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದರೆ ಮಾತ್ರ. ರೋಗಿಗಳೆಲ್ಲ ಅವರನ್ನು ಕರೆಯುವುದು ಡ್ರೈವರಕ್ಕ ಎಂದೇ.

ಕಾರುಗಳಿಗೂ ಹೆಸರಿದೆ. ಉದ್ದನೆಯ, ತಗ್ಗಿನ, ಹೊಳೆಯುವ ಕಾರು 'ಅಳಿಯ'. ವಯಸ್ಸು ಹತ್ತೊಂಬತ್ತು. ಯಾಕೆ ಆ ಹೆಸರೆಂದು ಕೇಳಿದರೆ ಡ್ರೈವರಕ್ಕ ನಗುತ್ತಾರೆ. 'ನೋಡೋಕೆ ಲಕ್ಷಣವಾಗಿದ್ದಾನೆ, ಓಟದಲ್ಲಿ ಅವನನ್ನ ಮೀರಿಸೋರಿಲ್ಲ. ಆದ್ರೆ ಅವನ ಹತ್ರ ಹೋಗೋರೆಲ್ಲ ಬಗ್ಗಿಯೇ ಹೋಗ್ಬೇಕು.' ಚೌಕನೆಯದು 'ದೊಡ್ಡಮ್ಮ', ಇಪ್ಪತ್ತೆರಡು ವರ್ಷದ್ದು. ಪಕ್ಕಕ್ಕೆ ಸರಿಯುವ ಅಗಲವಾದ ಬಾಗಿಲು, ಎತ್ತರದ ಸೀಟು, ಹಿಂದೆ ಒಂದು ಬೀರು ಹಿಡಿಸುವಷ್ಟು ಜಾಗ. 'ಎಷ್ಟು ಜನ ಬಂದ್ರೂ ಬನ್ರೋ ಅಂತಾಳೆ. ಏರು ಬಂದ್ರೆ ಮಾತ್ರ ಅಯ್ಯೋ ಅಪ್ಪಾ ಅಂತ ಶುರುಮಾಡ್ತಾಳೆ.'

ಇಷ್ಟು ವರ್ಷ ಒಂದಕ್ಕೆ ಹುಷಾರಿಲ್ಲದಾಗ ಇನ್ನೊಂದು ಓಡುತ್ತಿತ್ತು. ಈ ವರ್ಷ ಸಾರಿಗೆ ಕಚೇರಿಯವರು ಹೊಸ ನಿಯಮ ತಂದಿದ್ದಾರೆ. ರೋಗಿಗಳನ್ನು ಸಾಗಿಸುವ ಗಾಡಿಗೆ ಹದಿನೈದು ವರ್ಷ ದಾಟಿದ್ದರೆ, ಒಬ್ಬ ಚಾಲಕರಿಗೆ ಅಂಥದ್ದು ಒಂದೇ. ಯಾವುದು ಎಂದು ಅರ್ಜಿಯಲ್ಲಿ ಬರೆದುಕೊಡಲು ಇಂದು ಸಂಜೆ ನಾಲ್ಕು ಗಂಟೆ ಕೊನೆ. ಅರ್ಜಿ ಡ್ರೈವರಕ್ಕನ ಚೀಲದಲ್ಲಿದೆ, ಗಾಡಿಯ ನಂಬರು ಬರೆಯಬೇಕಾದ ಜಾಗ ಇನ್ನೂ ಖಾಲಿ. ಬೆಳಗಿನ ಸರದಿಯಲ್ಲಿ ದೊಡ್ಡಮ್ಮ ಆಸ್ಪತ್ರೆಯ ಗುಡ್ಡ ಹತ್ತಿದರೆ ಅಲ್ಲಿ ಅವಳ ನಂಬರು. ಹತ್ತದಿದ್ದರೆ ಅಳಿಯನದು.

ಒಂದು ಕಾರು ಆರಿಸುವುದರಲ್ಲಿ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಬೆಳಗಿನ ಸರದಿಯ ಅಜ್ಜಿಯ ಕಥೆ ಕೇಳಿದ ಮೇಲೆ ಹಾಗನ್ನಿಸಲಿಲ್ಲ.

ಅಜ್ಜಿಗೆ ಎಪ್ಪತ್ತೊಂದು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಒಳಗೆ ಕಬ್ಬಿಣದ ಸರಳು ಕೂತಿದೆ. ಹೆಚ್ಚು ಬಗ್ಗುವಂತಿಲ್ಲ. ಜೊತೆಗಿರುವ ಮಗಳು ಲಾಂಡ್ರಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮುಗಿಸಿ ಮನೆ ಸೇರುವುದು ಬೆಳಗಿನ ಐದೂ ಇಪ್ಪತ್ತಕ್ಕೆ. ಅವಳು ಬಂದು ಎತ್ತುವವರೆಗೆ ಅಜ್ಜಿ ಹಾಸಿಗೆ ಬಿಟ್ಟು ಏಳುವಂತಿಲ್ಲ. ಆರು ಗಂಟೆಗೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಯಂತ್ರಕ್ಕೆ ಸೇರಿದರೆ ನಾಲ್ಕು ಗಂಟೆಯ ಶುದ್ಧೀಕರಣ ಪೂರ್ತಿ ಸಿಗುತ್ತದೆ. ತಡವಾದರೆ ಅಷ್ಟು ನಿಮಿಷ ಖೋತಾ, ಏಕೆಂದರೆ ಹತ್ತು ಗಂಟೆಗೆ ಆ ಕುರ್ಚಿ ಇನ್ನೊಬ್ಬರದು. ಅಂದರೆ ಎಲ್ಲ ಸೇರಿ ಕೈಯಲ್ಲಿರುವುದು ನಲವತ್ತು ನಿಮಿಷ.

ಡ್ರೈವರಕ್ಕ ಈ ಕೆಲಸಕ್ಕೆ ಬರುವ ಮುಂಚೆ ಹದಿನಾರು ವರ್ಷ ಸಿಟಿ ಬಸ್ ಓಡಿಸಿದವರು. ತಾಯಿಗೆ ಇದೇ ಕಾಯಿಲೆ ಬಂದಾಗ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ಯತೊಡಗಿದರು. ತಾಯಿಯ ಅಕ್ಕಪಕ್ಕದ ಕುರ್ಚಿಯವರು, ನಿಮ್ಮಮ್ಮನ ಜೊತೆ ನಮ್ಮನ್ನೂ ಕರ್ಕೊಂಡು ಬಾ ತಾಯಿ ಎಂದರು. ರಜೆ ಮುಗಿಯಿತು, ಕೆಲಸ ಬಿಟ್ಟರು. ಮೂರು ವರ್ಷಕ್ಕೆ ತಾಯಿ ಹೋದರು. 'ಅಮ್ಮ ಹೋದ ಐದನೇ ದಿನ ಬೆಳಗ್ಗೆ ಪಕ್ಕದ ಕುರ್ಚಿಯವರು ಫೋನ್ ಮಾಡಿ, ನಾವಿನ್ನೂ ಇದೀವಿ ಕಣಮ್ಮ ಅಂದ್ರು. ಎದ್ದು ಗಾಡಿ ತೆಗೆದೆ. ಆವತ್ತು ಮಲಗಿಬಿಟ್ಟಿದ್ರೆ ಮತ್ತೆ ಏಳ್ತಿರಲಿಲ್ಲವೇನೋ.'

ಹೊಸ ನಿಯಮದ ಸುದ್ದಿ ಬಂದ ಕೂಡಲೇ ಅವರು ಕುತ್ತಿಗೆಗೆ ಒಂದು ಸ್ಟಾಪ್‌ವಾಚ್ ನೇತುಹಾಕಿಕೊಂಡರು. ಎರಡು ವಾರ ಒಂದು ದಿನ ಅಳಿಯ, ಒಂದು ದಿನ ದೊಡ್ಡಮ್ಮ. ಅದೇ ದಾರಿ, ಅದೇ ಹೊತ್ತು, ಅದೇ ಮೂರು ಜನ. ಬೇರೆ ಯಾರಾದರೂ ಆಗಿದ್ದರೆ ಮನಸ್ಸಿಗೆ ಬಂದದ್ದನ್ನು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಈಕೆ ಹಾಗಲ್ಲ, ಹಿಡಿದ ಹಟ ಬಿಡುವವರೇ ಅಲ್ಲ.

ಲೆಕ್ಕ ಸ್ಪಷ್ಟವಾಗಿತ್ತು. ಹನ್ನೊಂದು ಕಿಲೋಮೀಟರು ದಾರಿಯನ್ನು ಅಳಿಯ ಇಪ್ಪತ್ತನಾಲ್ಕು ನಿಮಿಷದಲ್ಲಿ ಮುಗಿಸುತ್ತಿದ್ದ. ದೊಡ್ಡಮ್ಮನಿಗೆ ಮೂವತ್ತೊಂದು ಬೇಕು. ಆಸ್ಪತ್ರೆಯ ಗುಡ್ಡವನ್ನು ಅಳಿಯ ಮೂರನೇ ಗೇರಿನಲ್ಲಿ ಎರಡೂಮುಕ್ಕಾಲು ನಿಮಿಷದಲ್ಲಿ ಹತ್ತಿ, ಮೇಲೆ ಹೋಗಿ ಏದುಸಿರೂ ಬಿಡುತ್ತಿರಲಿಲ್ಲ. ದೊಡ್ಡಮ್ಮನಿಗೆ ಎರಡನೇ ಗೇರಿನಲ್ಲಿ ಐದು ನಿಮಿಷ, ಮೇಲೆ ಒಂದಿಷ್ಟು ಗೊಣಗಾಟ. ಹೀಗೆ ಏಳು ನಿಮಿಷ ಮುಂದಿದ್ದ ಅಳಿಯನ ನಂಬರನ್ನು ಅರ್ಜಿಯಲ್ಲಿ ಬರೆಯಲು ಡ್ರೈವರಕ್ಕ ಪೆನ್ನು ಹುಡುಕುತ್ತಿದ್ದರು.

ಆ ವಾರವೇ ಅಜ್ಜಿ ಬಾಗಿಲಲ್ಲಿ ಕೈ ಅಡ್ಡ ಹಿಡಿದರು. 'ಇನ್ನು ನಾನು ಬರಲ್ಲ ಕಣೇ. ಸಾಕು, ಬಿಡು.'

ಮಗಳು ಅತ್ತಳು, ಗದರಿದಳು. ಅಜ್ಜಿ ಜಗ್ಗಲಿಲ್ಲ. ಒಂದು ಸರದಿ ತಪ್ಪಿತು, ಎರಡನೆಯದೂ ತಪ್ಪಿತು. ಕಾಲು ಊದಿ ಚಪ್ಪಲಿ ಹಿಡಿಸದಂತಾಯಿತು. ಮೂರನೆಯದೂ ತಪ್ಪಿದರೆ ಪರಿಸ್ಥಿತಿ ಕೈಮೀರುತ್ತದೆ ಎಂದು ಡಾಕ್ಟರು ಹೇಳಿಕಳಿಸಿದರು. ಡ್ರೈವರಕ್ಕ ಸಂಜೆ ಅಜ್ಜಿಯ ಮನೆಗೆ ಹೋಗಿ ಮಂಚದ ತುದಿಯಲ್ಲಿ ಕೂತರು. ಆಗ ಬಾಯಿಬಿಟ್ಟ ಅಜ್ಜಿ ಹೇಳಿದ ಮಾತನ್ನು ಅವರು ನನಗೆ ಹಾಗೆಯೇ ಒಪ್ಪಿಸುತ್ತಾರೆ. 'ನಿನ್ನ ಅಳಿಯನೊಳಗೆ ಕೂರೋಕೆ ಆರು ನಿಮಿಷ ಅಳ್ತೀನಿ, ಏಳೋಕೆ ಆರು ನಿಮಿಷ ಅಳ್ತೀನಿ. ಬರ್ತಾ ಹಾಗೆ, ಹೋಗ್ತಾ ಹಾಗೆ. ಬದುಕೋ ಆಸೆ ಇದೆ ಕಣೇ. ಇಷ್ಟು ಸಲ ಬಗ್ಗಿ ಬದುಕೋ ಆಸೆ ಇಲ್ಲ.' ಕೊನೆಗೆ, ಈ ತಿಂಗಳು ಮುಗಿಯುವವರೆಗೆ ಮಾತ್ರ ಬರುವುದಾಗಿ ಒಪ್ಪಿಸಿ ಡ್ರೈವರಕ್ಕ ಎದ್ದುಬಂದರು.

ಮರುದಿನ ಸ್ಟಾಪ್‌ವಾಚಿನ ಕಡೆ ಬೊಟ್ಟು ಮಾಡಿ ಮಾತು ತೆಗೆದವರು ಅದೇ ಸರದಿಯ ಟೈಲರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು, ಈಗಲೂ ಕಂಡವರ ಹೆಗಲ ಅಗಲವನ್ನು ಕಣ್ಣಲ್ಲೇ ಅಳೆಯುವವರು. ನನ್ನನ್ನು ಕಂಡ ಕೂಡಲೇ, 'ಅಂಗಿ ರೆಡಿಮೇಡ್ ಅಲ್ವಾ? ಎಡಗಡೆ ಸೊಟ್ಟ ಇದೆ' ಎಂದರು. ಆವತ್ತು ಅವರು ಡ್ರೈವರಕ್ಕನನ್ನು ಕೇಳಿದ ಪ್ರಶ್ನೆ ಒಂದೇ. 'ಅಳತೆ ಎಲ್ಲಿಂದ ತಗೋತೀಯಮ್ಮ?'

'ಗಾಡಿ ಹೊರಟಾಗಿಂದ. ನಿಂತಾಗ ವಾಚು ನಿಲ್ಲಿಸ್ತೀನಿ, ಮತ್ತೆ ಹೊರಟಾಗ ಒತ್ತುತೀನಿ.'

'ತೋಳಿನ ಅಳತೇನ ಹೆಗಲಿಂದ ತಗೋಬೇಕು. ನೀನು ಮೊಣಕೈಯಿಂದ ಹಿಡಿದು, ಅಂಗಿ ಯಾಕೆ ಕೂರಲ್ಲ ಅಂತಿದೀಯಲ್ಲ.'

ಅಲ್ಲಿತ್ತು ತಪ್ಪು. ಡ್ರೈವರಕ್ಕ ಅದನ್ನು ಹೇಳುವಾಗ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. 'ಹದಿನಾರು ವರ್ಷ ಬಸ್ಸಿನ ಬುದ್ಧಿ ನೋಡಿ. ಬಸ್ಸಲ್ಲಿ ಟೈಮು ಅಂದ್ರೆ ಚಕ್ರ ಉರುಳೋ ಟೈಮು. ಜನ ಹತ್ತೋದು ಇಳಿಯೋದೆಲ್ಲ ಕಂಡಕ್ಟರ್ ತಲೆನೋವು. ಈ ಗಾಡೀಲಿ ಕಂಡಕ್ಟರೂ ನಾನೇ ಅನ್ನೋದು ಒಂಬತ್ತು ವರ್ಷ ಆದ್ರೂ ತಲೇಗೆ ಇಳಿದಿರಲಿಲ್ಲ. ಕೂರೋಕೆ, ಏಳೋಕೆ ಅಜ್ಜಿ ಎಷ್ಟು ಹೊತ್ತು ಅಳ್ತಿದ್ರೋ, ಅಷ್ಟು ಹೊತ್ತೂ ನನ್ನ ವಾಚು ನಿಂತಿರ್ತಿತ್ತು.'

ಮತ್ತೆ ಮೊದಲಿನಿಂದ ಅಳೆದರು. ಈ ಸಲ ಅಜ್ಜಿಯ ಹೊದಿಕೆ ಸರಿಸಿದ ಕ್ಷಣದಿಂದ, ಅವರ ಬೆನ್ನು ಆಸ್ಪತ್ರೆಯ ಕುರ್ಚಿಗೆ ಒರಗುವವರೆಗೆ. ನಡುವೆ ಏನೇ ಆದರೂ ವಾಚು ನಿಲ್ಲುವಂತಿಲ್ಲ. ಅಳಿಯನೊಳಗೆ ಅಜ್ಜಿಯನ್ನು ಕೂರಿಸಲು ಆರು ನಿಮಿಷ, ಇಳಿಸಲು ಆರು. ಗಾಲಿಕುರ್ಚಿ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ, ಅರ್ಧ ಹೊರಗಿಟ್ಟು ಹಗ್ಗದಲ್ಲಿ ಕಟ್ಟಬೇಕು, ಮೇಲೆ ಹೋಗಿ ಬಿಚ್ಚಬೇಕು. ಉಳಿದಿಬ್ಬರ ಹತ್ತುವಿಕೆಯೂ ಸೇರಿ ನಿಂತಲ್ಲೇ ಕಳೆದದ್ದು ಇಪ್ಪತ್ತಮೂರು ನಿಮಿಷ. ಒಟ್ಟು ನಲವತ್ತೇಳು. ದೊಡ್ಡಮ್ಮನ ಸೀಟು ಅಜ್ಜಿಯ ಸೊಂಟದ ಎತ್ತರಕ್ಕೆ ಸರಿಯಾಗಿ ಇದೆ. ಬಾಗಿಲು ಸರಿಸಿ, ಹಿಂದಿರುಗಿ, ಕೂತು, ಕಾಲು ಒಳಗೆಳೆದುಕೊಂಡರೆ ಮುಗಿಯಿತು. ಗಾಲಿಕುರ್ಚಿಯನ್ನು ಮಡಚುವ ಗೋಜೂ ಇಲ್ಲ, ಹಾಗೆಯೇ ಹಿಂದಿನಿಂದ ಉರುಳಿಸಬಹುದು. ನಿಂತದ್ದು ಒಂಬತ್ತೇ ನಿಮಿಷ. ಒಟ್ಟು ನಲವತ್ತು.

ಓಟದಲ್ಲಿ ಏಳು ನಿಮಿಷ ಸೋತಿದ್ದ ದೊಡ್ಡಮ್ಮ ಬಾಗಿಲಲ್ಲಿ ಹದಿನಾಲ್ಕು ನಿಮಿಷ ಗೆದ್ದಿದ್ದಳು. ಇದನ್ನು ಕೇಳಿ ನಾನು ನನ್ನ ಸ್ವಂತ ಕಾರನ್ನು ಕೊಂಡಾಗ ಅದು ಎಷ್ಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ ಎಂದು ಮೂರು ಸಲ ಕೇಳಿದ್ದು ನೆನಪಾಗಿ ನಾಚಿಕೆಯಾಯಿತು. ನನ್ನ ತಾಯಿ ಅದರಲ್ಲಿ ಹೇಗೆ ಕೂರುತ್ತಾರೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಆದರೆ ಈ ಗೆಲುವನ್ನು ಒಪ್ಪದವರೊಬ್ಬರು ಮನೆಯಲ್ಲೇ ಇದ್ದರು. ಡ್ರೈವರಕ್ಕನ ಗಂಡ ಮೆಕ್ಯಾನಿಕ್. ಅಳಿಯನ ಎಂಜಿನ್ನನ್ನು ಎರಡು ವರ್ಷದ ಭಾನುವಾರಗಳಲ್ಲಿ ಒಂದೊಂದೇ ತುಂಡು ಬಿಚ್ಚಿ ಹೊಸದಾಗಿ ಕಟ್ಟಿದವರು. ಗುಜರಿಗೆ ಹೋಗಬೇಕಿದ್ದ ಕಾರನ್ನು ಮದುವಣಿಗನಂತೆ ಸಿಂಗರಿಸಿದ್ದರು. ಹೆಂಡತಿ ದೊಡ್ಡಮ್ಮನ ಹೆಸರೆತ್ತಿದ ದಿನದಿಂದ ನೆಟ್ಟಗೆ ಮಾತಾಡುವುದನ್ನೇ ಬಿಟ್ಟರು. 'ಮೂರು ದಿನ ರೀ' ಎನ್ನುತ್ತಾರೆ ಡ್ರೈವರಕ್ಕ. 'ಊಟಕ್ಕೆ ಬನ್ನಿ ಅಂದ್ರೆ, ನಿನ್ನ ದೊಡ್ಡಮ್ಮನ್ನೇ ಕರಿ ಅಂತಾರೆ. ನಾನೂ ಬಿಡಲಿಲ್ಲ. ಅವಳು ನಿಮ್ಮ ಥರ ಮುನಿಸಿಕೊಳ್ಳಲ್ಲ, ಕರೆದ್ರೆ ಬರ್ತಾಳೆ ಅಂದೆ.'

ಗಂಡನ ವಾದದಲ್ಲೂ ಹುರುಳಿತ್ತು. ಮೂರು ಜನ, ಗಾಲಿಕುರ್ಚಿ ಎಲ್ಲ ಹೊತ್ತು ದಿನವೂ ಆ ಗುಡ್ಡ ಹತ್ತಿದರೆ ದೊಡ್ಡಮ್ಮ ಕಾದು ಕುದಿಯುತ್ತಾಳೆ ಎಂದಿದ್ದರು. ಹೋದ ಬುಧವಾರ ಹಾಗೆಯೇ ಆಯಿತು. ಎರಡನೇ ತಿರುವಿನಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ತಣ್ಣಗಾಗುವವರೆಗೆ ಕಾದು, ನೀರು ಹುಯ್ದು ಮೇಲೆ ತಲುಪುವಾಗ ಆರೂ ಇಪ್ಪತ್ತು. ಮೂವರಿಗೂ ಇಪ್ಪತ್ತು ನಿಮಿಷ ಖೋತಾ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಡ್ರೈವರಕ್ಕ. ಒಂದು ಕಾರು ಅಜ್ಜಿಯ ಸೊಂಟ ಮುರಿಯುತ್ತದೆ, ಇನ್ನೊಂದು ಅಜ್ಜಿಯ ನಿಮಿಷ ತಿನ್ನುತ್ತದೆ. ಆ ದಿನ ಶೆಡ್ಡಿನಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಒಂಬತ್ತು ವರ್ಷದಲ್ಲಿ ಮೊದಲ ಸಲ, ಈ ಕೆಲಸವೇ ಬೇಡ ಎಂದುಕೊಂಡರಂತೆ.

ಗಂಡ ಬಂದು ಬಾಗಿಲಲ್ಲಿ ನಿಂತರು. ನೋಡಿ ವಾಪಸು ಹೋದರು. ಆದರೆ ನಿನ್ನೆ, ಭಾನುವಾರ ಬೆಳಿಗ್ಗೆ ಡ್ರೈವರಕ್ಕ ಎದ್ದು ಬರುವಷ್ಟರಲ್ಲಿ, ಅವರು ಅಳಿಯನ ಬಾನೆಟ್ ಎತ್ತಿ ರೇಡಿಯೇಟರು, ಫ್ಯಾನು ಎರಡನ್ನೂ ಬಿಚ್ಚಿ ನೆಲಕ್ಕಿಳಿಸಿದ್ದರು. ದೊಡ್ಡಮ್ಮನದಕ್ಕಿಂತ ಒಂದೂವರೆ ಪಟ್ಟು ದೊಡ್ಡ ರೇಡಿಯೇಟರು ಅದು. ಅದನ್ನು ದೊಡ್ಡಮ್ಮನೊಳಗೆ ಕೂರಿಸಲು ಅವಳ ಮುಂದಿನ ಪಟ್ಟಿಯನ್ನು ಎರಡು ಬೆರಳಷ್ಟು ಮುಂದಕ್ಕೆ ತಂದು ವೆಲ್ಡ್ ಮಾಡಬೇಕಾಯಿತು. ಕತ್ತಲಾಗುವವರೆಗೆ ಕೆಲಸ ಹಿಡಿಯಿತು. ಯಾಕೆ ಮನಸ್ಸು ಬದಲಾಯಿತು ಎಂದು ಇಂದು ಅವರನ್ನು ಕೇಳಿದೆ. ಕೈಯ ಗ್ರೀಸು ಒರೆಸುತ್ತಾ ಒಂದೇ ಮಾತು ಹೇಳಿದರು. 'ಇವಳು ಬಕೆಟ್ ಮೇಲೆ ಕೂತಿದ್ದು ನಾನು ಯಾವತ್ತೂ ನೋಡಿರಲಿಲ್ಲ.' ಪುಸ್ತಕದಲ್ಲಿ ಬರೆದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಈಗ ಐದೂ ಇಪ್ಪತ್ತು. ಅಜ್ಜಿಯ ಮನೆಯ ಓಣಿಯಲ್ಲಿ ದೊಡ್ಡಮ್ಮ ಗುರುಗುಟ್ಟುತ್ತಿದ್ದಾಳೆ. ಲಾಂಡ್ರಿಯ ನೀಲಿ ಕೋಟು ತೆಗೆಯದೆ ಮಗಳು ಒಳಗೆ ಓಡುತ್ತಾಳೆ. ಕಿಟಕಿಯ ಪಕ್ಕದ ಮಂಚ, ಗೋಡೆಗೆ ಒರಗಿಸಿದ ಗಾಲಿಕುರ್ಚಿ, ಮೂರು ಮೆಟ್ಟಿಲ ಮೇಲೆ ಹಾಸಿದ ಹಲಗೆ. ಹೊದಿಕೆ ಸರಿಯುತ್ತದೆ, ಡ್ರೈವರಕ್ಕನ ಹೆಬ್ಬೆರಳು ವಾಚು ಒತ್ತುತ್ತದೆ. ಅಜ್ಜಿ ಹಿಂದಿರುಗಿ ಸೀಟಿನಲ್ಲಿ ಕೂತು, ಒಂದು ಕಾಲು, ಇನ್ನೊಂದು ಕಾಲು ಒಳಗೆ ತೆಗೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. 'ಇದ್ಯಾರು, ಹೊಸ ಪೇಷಂಟಾ?' ಪತ್ರಿಕೆಯವನು ಎಂದು ತಿಳಿದ ಮೇಲೆ, 'ಹಾಗಾದ್ರೆ ಗುಡ್ಡದಲ್ಲಿ ಇಳಿದು ತಳ್ಳೋಕೆ ಒಬ್ಬ ಸಿಕ್ಕಿದ' ಎನ್ನುತ್ತಾರೆ.

ಮುಂದಿನ ಬೀದಿಯಲ್ಲಿ ಟೈಲರು ಹತ್ತುತ್ತಾರೆ. ಅದರಾಚೆ, ಲೈಬ್ರರಿಯಲ್ಲಿ ಕೆಲಸ ಮಾಡುವ ನಲವತ್ತರ ಮೇಡಂ. ಸೇತುವೆ ದಾಟಿ ಗುಡ್ಡದ ಬುಡಕ್ಕೆ ಬಂದಾಗ ಡ್ರೈವರಕ್ಕ ಎರಡನೇ ಗೇರಿಗೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮೊದಲ ತಿರುವು. ಶಾಖದ ಮುಳ್ಳು ಅರ್ಧ ದಾಟುತ್ತದೆ. ನೀರಿನ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡ ಮೇಡಂ ಅದರ ಮುಚ್ಚಳವನ್ನು ಆಗಲೇ ಅರ್ಧ ತಿರುಗಿಸಿದ್ದಾರೆ. ಎರಡನೇ ತಿರುವು. ಮುಳ್ಳು ಮುಕ್ಕಾಲಿನ ಹತ್ತಿರ ಹೋಗಿ, ಅಲ್ಲೇ ನಡುಗುತ್ತಾ ನಿಲ್ಲುತ್ತದೆ. ಬಾನೆಟ್ಟಿನೊಳಗೆ ಅಳಿಯನ ಫ್ಯಾನು ಗಿರ್ರೆಂದು ತಿರುಗಲು ಶುರುಮಾಡುತ್ತದೆ. 'ಬಾ ತಾಯಿ, ಬಾ, ಬಾ' ಎಂದು ಡ್ರೈವರಕ್ಕ ಹಲ್ಲುಕಚ್ಚಿ ಗೊಣಗುತ್ತಾರೆ. ನಾನೂ ಕಾಲಿನಿಂದ ನೆಲ ಒತ್ತುತ್ತಿದ್ದೇನೆಂದು ಆಮೇಲೆ ಗೊತ್ತಾಯಿತು. ಮೂರನೇ ತಿರುವು ಕಳೆದು ಆಸ್ಪತ್ರೆಯ ದೀಪಗಳು ಕಂಡಾಗ ಟೈಲರು ಚಪ್ಪಾಳೆ ತಟ್ಟುತ್ತಾರೆ. 'ಇನ್ನೂ ಇಳೀಬೇಕು, ವಾಚು ಓಡ್ತಿದೆ' ಎಂದು ಡ್ರೈವರಕ್ಕ ಗದರುತ್ತಾರೆ.

ಹನ್ನೆರಡು ಕುರ್ಚಿಗಳ ಉದ್ದನೆಯ ಕೋಣೆ. ಕಿಟಕಿಯ ಕಡೆಯ ನಾಲ್ಕನೆಯದು ಅಜ್ಜಿಯದು. ಬೆನ್ನು ಒರಗುತ್ತದೆ, ಹೆಬ್ಬೆರಳು ಒತ್ತುತ್ತದೆ. ಮೂವತ್ತೇಳು ನಿಮಿಷ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಮೂರು ನಿಮಿಷ ಬಾಕಿ. ಡ್ರೈವರಕ್ಕ ಚೀಲದಿಂದ ಅರ್ಜಿ ತೆಗೆದು, ಅಜ್ಜಿಯ ಕುರ್ಚಿಯ ಕೈಯ ಮೇಲೆ ಇಟ್ಟುಕೊಂಡೇ, ಖಾಲಿ ಜಾಗದಲ್ಲಿ ದೊಡ್ಡಮ್ಮನ ನಂಬರು ಬರೆಯುತ್ತಾರೆ.

ಸಿಸ್ಟರ್ ಬಂದು ಅಜ್ಜಿಯ ತೋಳಿಗೆ ಸೂಜಿ ಚುಚ್ಚುತ್ತಾರೆ. ಯಂತ್ರದ ಚಕ್ರ ತಿರುಗತೊಡಗುತ್ತದೆ. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಾರೆ, ನಿದ್ದೆ ಬಂತೆಂದು ನಾವು ಸದ್ದಿಲ್ಲದೆ ಹೊರಡುತ್ತೇವೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ದನಿ ಕೇಳುತ್ತದೆ.

'ಏ ಹುಡುಗೀ, ನಾಡಿದ್ದು ಎಷ್ಟೊತ್ತಿಗೆ ಬರ್ತೀಯಾ?'

ನಾಡಿದ್ದು ಬುಧವಾರ. ಅಂದರೆ ಅಜ್ಜಿ ಒಪ್ಪಿದ್ದ ತಿಂಗಳು ಕಳೆದು, ಹೊಸ ತಿಂಗಳ ಒಂದನೇ ತಾರೀಕು. ಐವತ್ತಮೂರರ ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಿಂದಿರುಗುತ್ತಾರೆ.

'ಐದೂ ಇಪ್ಪತ್ತಕ್ಕೆ ಅಜ್ಜಿ' ಎನ್ನುತ್ತಾರೆ. 'ಒಂದು ನಿಮಿಷಾನೂ ಆಚೀಚೆ ಆಗಲ್ಲ.'